ಏರಿನಲ್ಲಿ ಬಡಿಯುವ ಕಾರು

ಹೊಳೆಯ ದಂಡೆಯಲ್ಲೊಂದು ಮಠ. ಮಠದಲ್ಲೊಬ್ಬ ಗುರು, ಗುರುವಿಗೊಬ್ಬ ಶಿಷ್ಯ. ಇಷ್ಟು ಯಾವ ಮಠದಲ್ಲಾದರೂ ಇರುವುದೇ. ಈ ಮಠದಲ್ಲಿ ಒಂದು ಕಾರೂ ಇತ್ತು.

ಕಾರಿಗೆ ವಯಸ್ಸೆಷ್ಟು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಂಗಳದ ಬೇವಿನ ಮರ ಈ ಕಾರಿನ ನೆರಳಲ್ಲೇ ಮೊಳೆತದ್ದು ಎಂದು ಆಣೆ ಇಡುವವರೂ ಇದ್ದರು. ಅಷ್ಟೇನೂ ಇರಲಾರದು. ಅರ್ಧ ಕಳೆದು ನಂಬಿದರೆ ಸಾಕು.

ಗುರುವನ್ನು ಊರವರು ದಂಡೆಯ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಗಾದಿಲಿಂಗ. ಪೇಟೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು, ಒಮ್ಮೆ ಮಠದ ಕಾರಿನ ಕ್ಲಚ್ಚು ಸರಿ ಮಾಡಲು ಬಂದ. ಸರಿ ಮಾಡಿದ. ಕೈ ತೊಳೆದು ಊಟಕ್ಕೆ ಕೂತ. ಮತ್ತೆ ಹೋಗಲೇ ಇಲ್ಲ.

"ಕ್ಲಚ್ಚು ಸರಿ ಆತಲ್ಲ, ಇನ್ನ್ಯಾಕ ಕುಂತಿ?" ಎಂದು ಅಜ್ಜಾರು ಕೇಳಿದರಂತೆ.

"ನಂದು ಇನ್ನೂ ಸರಿ ಆಗಿಲ್ರಿ," ಎಂದನಂತೆ.

ಅಂದಿನಿಂದ ಕಾರು ಅವನ ಪಾಲಿಗೆ ಬಿತ್ತು. ಅವನು ಅಜ್ಜಾರ ಪಾಲಿಗೆ ಬಿದ್ದ.

ಗಾದಿಲಿಂಗನ ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು. ಎದುರಿಗಿದ್ದವರು ತುಟಿ ತೆರೆದರೆ ಸಾಕು, ಉತ್ತರ ಇವನಲ್ಲಿ ಸಿದ್ಧ. ಬಹಳ ಸಲ ಉತ್ತರ ಸರಿಯಾಗಿಯೇ ಇರುತ್ತಿತ್ತು. ಅವನ ಕಷ್ಟವೆಲ್ಲ ಅಲ್ಲೇ ಇತ್ತು.

ಅವನು ಬಂದ ಮೇಲೆ ಮಠಕ್ಕೆ ಕರೆಂಟು ಬಂತು. ದಂಡೆಯ ಕಂಬದಲ್ಲಿ ಹಳೇ ಕಂದೀಲೊಂದು ಉರಿಯುತ್ತಿತ್ತು, ಹರಗೋಲು ನಡೆಸುವವರಿಗೆ ಕತ್ತಲಲ್ಲಿ ದಡ ಕಾಣಲೆಂದು. ಕೆಳಗಡೆ ಸೇತುವೆ ಆದ ಮೇಲೆ ಹರಗೋಲುಗಳು ನಿಂತಿದ್ದವು. ಗಾದಿಲಿಂಗ ಕಂದೀಲು ಇಳಿಸಿ ಬಲ್ಬು ಹಾಕಿದ. ಕಂದೀಲನ್ನು ಕಾರಿನ ಶೆಡ್ಡಿನ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿದ.

"ಬೆಳಕು ಹೆಚ್ಚಾತು," ಎಂದರು ಅಜ್ಜಾರು. ಅದು ಹೊಗಳಿಕೆ ಎಂದು ಗಾದಿಲಿಂಗ ತಿಳಿದುಕೊಂಡ.

ಮಠಕ್ಕೆ ಬರುವ ಭಕ್ತರಲ್ಲೊಂದು ಪದ್ಧತಿ ಇತ್ತು. ಕಾಯಿ ತರುವವರು ಕಾಯಿ ತರುತ್ತಿದ್ದರು, ಹೂವು ತರುವವರು ಹೂವು. ಕೆಲವರು ಬಾಟಲಿಯಲ್ಲಿ ಪೆಟ್ರೋಲ್ ತರುತ್ತಿದ್ದರು. ಅಜ್ಜಾರ ಕಾರಿಗೆ ಪೆಟ್ರೋಲ್ ಸೇವೆ. ಶೆಡ್ಡಿನಲ್ಲಿದ್ದ ಡ್ರಮ್ಮಿಗೆ ತಾವೇ ಸುರಿದು ಕೈಮುಗಿದು ಹೋಗುತ್ತಿದ್ದರು. ಬಂದದ್ದನ್ನು ಬೇಡ ಅನ್ನಬಾರದು, ಅದು ಮಠದ ಕಟ್ಟಳೆ. ಸೇತುವೆಯಾದ ಮೇಲೆ ಜನ ಆ ಕಡೆಯಿಂದಲೇ ಹಾಯ್ದು ಹೋಗತೊಡಗಿದ್ದರಿಂದ ಸೇವೆಯೂ ತೆಳುವಾಗಿತ್ತು.

ಮಠದ ಹಿಂದೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಅಜ್ಜಾರ ಗುರುವಿನ ಸಮಾಧಿ, ಗದ್ದುಗೆ. ವರ್ಷಕ್ಕೊಮ್ಮೆ, ಶ್ರಾವಣದ ಹುಣ್ಣಿಮೆಯ ದಿನ, ಅಜ್ಜಾರು ಮೇಲೆ ಹೋಗುತ್ತಿದ್ದರು. ಶಿಷ್ಯನಿಗೆ ಉಪದೇಶ ಕೊಡುವುದಿದ್ದರೆ ಅದು ಅಲ್ಲೇ, ಆ ದಿನವೇ.

ಆ ವರ್ಷ ಅಜ್ಜಾರು ತಾವಾಗಿಯೇ ಅಂದಿದ್ದರು.

"ಗಾದಿಲಿಂಗ, ಈ ಹುಣ್ಣಿವಿಗೆ ನಿನಗ ಉಪದೇಶ."

ಅವನಿಗೆ ನಿದ್ದೆ ಹತ್ತದಂತಾಯಿತು. ಸಂತೋಷ ಒಂದು ಕಡೆ. ಇನ್ನೊಂದು ಕಡೆ ಭಯ. ಅಜ್ಜಾರ ಮಂಡಿ ಎರಡೂ ಹೋಗಿದ್ದವು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಮುಂದಿನ ಹುಣ್ಣಿಮೆಯ ಮಾತನ್ನು ಮಠದಲ್ಲಿ ಯಾರೂ ಆಡುತ್ತಿರಲಿಲ್ಲ.

ಜೀಪು ಕೊಡುತ್ತೇವೆ ಎಂದವರು ಇದ್ದರು. ಅಜ್ಜಾರು ಒಪ್ಪಲಿಲ್ಲ. "ನಮ್ಮ ಗುರುಗಳು ಆ ಕಾರಿನಾಗ ಕುಂತು ಗುಡ್ಡ ಹತ್ತಿದ್ರು. ನಾನೂ ಅದರಾಗ ಹತ್ತತೀನಿ. ಇಲ್ಲಂದ್ರ ಇಲ್ಲ."

ಹಾಗಾಗಿ ಎಲ್ಲವೂ ಆ ಕಾರಿನ ಮೇಲೆ ನಿಂತಿತು.

ಹುಣ್ಣಿಮೆಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ ಗಾದಿಲಿಂಗ ಕಾರನ್ನು ಗುಡ್ಡದ ಕಡೆ ತಿರುಗಿಸಿದ. ಅಜ್ಜಾರು ಪಕ್ಕದಲ್ಲಿ ಕೂತಿದ್ದರು.

ಬಯಲಲ್ಲಿ ಕಾರು ಸುಮ್ಮನೆ ಓಡಿತು. ಮೊದಲ ತಿರುವಿನ ಏರು ಬಂತು. ಒಳಗಿನಿಂದ ಸದ್ದು ಎದ್ದಿತು. ಟಕ್ ಟಕ್ ಟಕ್. ಬೆರಳ ಗೆಣ್ಣಿನಿಂದ ಯಾರೋ ಕದ ಬಡಿದ ಹಾಗೆ.

"ಯಾರೋ ಬಡಿಯಾಕತ್ತಾರ," ಎಂದರು ಅಜ್ಜಾರು.

"ಯಾರೂ ಇಲ್ರಿ ಅಜ್ಜಾರ. ಇಂಜಿನ್ ಸದ್ದು."

"ಇಂಜಿನ್ನಿನ ಒಳಗ ಯಾರದಾರ?"

"ಯಾರೂ ಇರಂಗಿಲ್ರಿ."

"ಮತ್ತ ಬಡಿಯೋರು ಯಾರು?"

ಗಾದಿಲಿಂಗ ಆಕ್ಸಿಲರೇಟರ್ ಒತ್ತಿದ. ಸದ್ದು ಜೋರಾಯಿತು. ಕಾಲು ಸಡಿಲಿಸಿದ. ಸದ್ದು ಇಳಿಯಿತು, ಕಾರೂ ನಿಂತಿತು. ಬೆವರು ಒರೆಸಿಕೊಂಡು ಹಿಂದೆ ತಿರುಗಿಸಿದ.

ಬೇವಿನ ಮರದಡಿ ಕಾರು ನಿಲ್ಲಿಸಿ, ಬಾನೆಟ್ ತೆರೆದು ನಿಂತ.

"ಹಿಂಗ ಒತ್ತಿ ಏರಿಸಿದ್ರ ಪಿಸ್ಟನ್ ತೂತು ಬೀಳ್ತೈತ್ರಿ. ಅರ್ಧ ಗುಡ್ಡದಾಗ ನಿಂತ್ವಿ ಅಂದ್ರ ಮುಗೀತು."

"ಯಾಕ ಬಡೀತೈತಿ?"

ಈ ಪ್ರಶ್ನೆಗೇ ಅವನು ಕಾದಿದ್ದ. ಕಡ್ಡಿ ತೆಗೆದುಕೊಂಡು ಮಣ್ಣಲ್ಲಿ ಚಿತ್ರ ಬರೆದ.

"ಇದು ಸಿಲಿಂಡರು. ಇದು ಪಿಸ್ಟನ್. ಪೆಟ್ರೋಲಿನ ಆವಿ ಒಳಗ ಬರ್ತೈತಿ. ಪಿಸ್ಟನ್ ಮ್ಯಾಲೆ ಬಂದು ಅದನ್ನ ಒತ್ತತೈತಿ. ಎಷ್ಟು ಒತ್ತಿದ್ರೂ ಪೆಟ್ರೋಲು ಸುಮ್ನಿರಬೇಕು. ಪ್ಲಗ್ಗಿನ ಕಿಡಿ ಬರೋತನಕ ತಡಕೊಂಡಿರಬೇಕು. ಆಮ್ಯಾಲೆ ಹತ್ತಬೇಕು."

"ತಡಕೊಳ್ಳಲಿಲ್ಲ ಅಂದ್ರ?"

"ತಾನಾಗೇ ಹತ್ತಿಕೊಂತೈತ್ರಿ. ಪಿಸ್ಟನ್ ಇನ್ನೂ ಮ್ಯಾಲೆ ಬರಾಕತ್ತಿರತೈತಿ, ಬೆಂಕಿ ಅದರ ತಲಿಗೆ ಹೊಡೀತೈತಿ. ಅದ ಈ ಸದ್ದು."

"ಆ ತಡಕೊಳ್ಳೋ ಗುಣಕ್ಕ ಏನಂತಾರ?"

"ಆಕ್ಟೇನ್ ಅಂತಾರ್ರಿ. ಆಕ್ಟೇನ್ ಹೆಚ್ಚಿದ್ದ ಪೆಟ್ರೋಲಿಗೆ ತಾಳ್ಮಿ ಹೆಚ್ಚು."

"ಅಬ್ಬಾ. ಇದನ್ನೆಲ್ಲ ನೀನು ಎಲ್ಲಿ ಕಲ—"

"ಗ್ಯಾರೇಜಿನಾಗ್ರಿ."

ಅಜ್ಜಾರು ಮಣ್ಣಲ್ಲಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಹಂಗಾರ ದೋಷ ಪೆಟ್ರೋಲಿಂದು?"

"ಇಲ್ರಿ. ನಮ್ಮದು ಹಳೇ ಇಂಜಿನ್. ಈಗಿನ ಕಾರಿನಂಗ ಅಷ್ಟು ಬಿಗಿಯಾಗಿ ಒತ್ತಂಗಿಲ್ಲ. ಎಂಥಾ ಬಡ ಪೆಟ್ರೋಲಾದ್ರೂ ನುಂಗತೈತಿ. ಅದೂ ಅಲ್ದ ಪೆಟ್ರೋಲು ಭಕ್ತರು ಕೊಟ್ಟದ್ದು. ದೋಷ ಇಂಜಿನ್ನಿನಾಗ ಐತಿ, ನಾ ನೋಡ್ತೀನಿ."

"ನೋಡು," ಎಂದರು ಅಜ್ಜಾರು.

ಗಾದಿಲಿಂಗ ನೋಡಿದ. ಪ್ಲಗ್ಗು ಬಿಚ್ಚಿ ಉಜ್ಜಿದ. ಇಂಜಿನ್ ಕಾದು ಹೀಗಾಗುತ್ತದೋ ಎಂದು ರೇಡಿಯೇಟರ್ ತೊಳೆದ. ಸದ್ದು ಹೋಗಲಿಲ್ಲ. ಇಂಜಿನ್ನಿನ ಮೇಲಿನ ಹೆಡ್ಡು ಇಳಿಸಿ, ಒಳಗೆ ಕಟ್ಟಿದ್ದ ಮಸಿಯನ್ನು ಕೆರೆಯಲು ಕೂತ. ಮಸಿ ಕಟ್ಟಿದರೆ ಒಳಗಿನ ಜಾಗ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ.

ಅಜ್ಜಾರು ಕೋಲೂರಿಕೊಂಡು ಬಂದರು.

"ಏನು ಕೆರೀತಿ?"

"ಮಸಿ ಅಜ್ಜಾರ. ಭಾಳ ವರ್ಷದ್ದು."

"ಯಾರದು?"

"ಇಂಜಿನ್ನಿಂದ್ರಿ, ಮತ್ತ್ಯಾರದು?"

ಅಜ್ಜಾರು ಕೋಲೂರಿಕೊಂಡು ಹೋದರು.

ಮಸಿ ಹೋಯಿತು. ಸದ್ದು ಉಳಿಯಿತು.

ಕೊನೆಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹಿಡಿದು ಒಂದಿಷ್ಟು ತಿರುಗಿಸಿದ. ಕಿಡಿ ಬರುವುದೇ ತಡವಾಗುವಂತೆ ಮಾಡಿದ. ಈಗ ಸದ್ದು ಪೂರಾ ನಿಂತಿತು. ಹಿಗ್ಗಿ ಅಜ್ಜಾರನ್ನು ಕೂರಿಸಿಕೊಂಡು ಗುಡ್ಡಕ್ಕೆ ಹೊರಟ.

ಕಾರು ಬಡಿಯಲಿಲ್ಲ. ಹತ್ತಲೂ ಇಲ್ಲ. ಆಮೆಯ ಹಾಗೆ ತೆವಳಿತು. ಹಿಂದಿನಿಂದ ಬಂದ ಕುರಿಮಂದೆ ಕಾರನ್ನು ದಾಟಿ ಮುಂದೆ ಹೋಯಿತು. ಒಂದು ಟಗರು ನಿಂತು ತಿರುಗಿ ನೋಡಿ ನಕ್ಕಿತು ಎಂಬುದೂ ಒಂದು ಮಾತು. ಅದನ್ನು ನಂಬಲೇಬೇಕೆಂದಿಲ್ಲ.

"ಬಡಿಯೋದೂ ಬಿಟ್ಟಿತು, ನಡಿಯೋದೂ ಬಿಟ್ಟಿತು," ಎಂದರು ಅಜ್ಜಾರು.

ಹುಣ್ಣಿಮೆ ಹತ್ತಿರವಾಯಿತು. ಗಾದಿಲಿಂಗನಿಗೆ ದುರ್ಬುದ್ಧಿ ಬಂತು.

ಡಿಸ್ಟ್ರಿಬ್ಯೂಟರ್ ಮೊದಲಿನಂತೆ ಇಟ್ಟ. ಊರ ಭಜನೆಯವರನ್ನು ಕರೆದು ಹಿಂದಿನ ಸೀಟಿನಲ್ಲಿ ತುಂಬಿದ. ಒಬ್ಬೊಬ್ಬರ ಕೈಗೂ ತಾಳ ಕೊಟ್ಟ.

"ಗದ್ದುಗಿಗೆ ಹೋಗೋ ದಾರಿ ಅಜ್ಜಾರ. ಭಜನಿ ಮಾಡಿಕೋತ ಹೋದ್ರ ಚಂದ. ಇವತ್ತ ರೂಢಿ ಮಾಡಿಕೊಳ್ಳೋಣಂತ."

"ಚಂದ," ಎಂದರು ಅಜ್ಜಾರು.

ಏರು ಬಂತು. "ಜೋರು, ಜೋರು" ಎಂದ ಗಾದಿಲಿಂಗ. ಭಜನೆಯವರು ಗಂಟಲು ಹರಿಯುವಂತೆ ಹಾಡಿದರು. ತಾಳದ ಸದ್ದಿಗೆ ರಸ್ತೆ ಬದಿಯ ಹಕ್ಕಿಗಳು ಎದ್ದು ಹಾರಿದವು. ಅಜ್ಜಾರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗಾದಿಲಿಂಗ ಓರೆಗಣ್ಣಿಂದ ನೋಡಿದ. ಅವರ ಕೈ ಭಜನೆಯ ತಾಳಕ್ಕೆ ಬೀಳುತ್ತಿರಲಿಲ್ಲ. ಇಂಜಿನ್ನಿನ ಬಡಿತಕ್ಕೆ ಬೀಳುತ್ತಿತ್ತು.

ಅಜ್ಜಾರು ಕೈ ಎತ್ತಿದರು. ಭಜನೆ ನಿಂತಿತು.

ಟಕ್ ಟಕ್ ಟಕ್.

"ನೀವು ಎಲ್ಲಾರೂ ಸರಿ ಹಾಡಿದ್ರಿ," ಎಂದರು ಹಿಂದೆ ತಿರುಗಿ. "ಅಂವ ಒಬ್ಬಾಂವ ನಿಮ್ಮ ಕೂಡ ಹಾಡಂಗಿಲ್ಲ. ಅಂವಂದು ಬ್ಯಾರೆ ಏನೋ ಐತಿ."

ಗಾದಿಲಿಂಗನ ಮುಖ ಕೆಂಪಾಯಿತು. ಆ ಸಂಜೆ ಅವನು ಊಟಕ್ಕೆ ಬರಲಿಲ್ಲ. ಅಜ್ಜಾರೇ ಶೆಡ್ಡಿಗೆ ಬಂದರು. ಅವನು ಕಾರಿನ ಚಕ್ರಕ್ಕೆ ಒರಗಿ ಕೂತಿದ್ದ.

"ಈ ಹುಣ್ಣಿವಿ ತಪ್ಪಿತು ಅಂದ್ರ, ಅಜ್ಜಾರ?"

"ಮುಂದಿನ ಹುಣ್ಣಿವಿ."

"ಅಲ್ಲೀತನಕ ನೀವು..."

ಆ ಮಾತನ್ನು ಅವನಿಗೆ ಮುಗಿಸಲಾಗಲಿಲ್ಲ. ಅಜ್ಜಾರೂ ಅದನ್ನು ಮುಗಿಸಿಕೊಡಲಿಲ್ಲ.

ಮರುದಿನ ಬೆಳಿಗ್ಗೆ ಗಾದಿಲಿಂಗ ಪೇಟೆಗೆ ಹೋಗಿ ಬಂಕಿನಲ್ಲಿ ಸಿಗುವ ದುಬಾರಿ ಪೆಟ್ರೋಲ್ ಒಂದು ಕ್ಯಾನು ತಂದ. ಟ್ಯಾಂಕನ್ನು ಬರಿದು ಮಾಡಿ ಅದನ್ನು ಸುರಿದ. ಕಾರು ಮೊದಲ ತಿರುವನ್ನು ಸದ್ದಿಲ್ಲದೆ ಹತ್ತಿತು. ದುಬಾರಿಯದಾದ್ದರಿಂದ ಹೀಗೋ ಎಂದು ಅನುಮಾನ ಬಂತು. ಅದೇ ಬಂಕಿನ ಸಾದಾ ಪೆಟ್ರೋಲ್ ತಂದು ಹಾಕಿ ನೋಡಿದ. ಆಗಲೂ ಸದ್ದಿಲ್ಲ. ಡ್ರಮ್ಮಿನದು ಹಾಕಿದ. ಟಕ್ ಟಕ್ ಟಕ್.

ಇಂಜಿನ್ನಿನಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಡ್ರಮ್ಮಿನಲ್ಲಿತ್ತು.

ಡ್ರಮ್ಮಿನಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡು ಉಜ್ಜಿದ. ಬರೀ ಪೆಟ್ರೋಲಾದರೆ ತಣ್ಣಗೆ ಆರಿ ಹೋಗಬೇಕು. ಇದು ಆರಲಿಲ್ಲ, ಜಿಡ್ಡು ಉಳಿಯಿತು. ಮೂಸಿದ. ಅಜ್ಜಾರ ಹತ್ತಿರ ಓಡಿದ.

"ಸಿಕ್ತು ಅಜ್ಜಾರ! ಡ್ರಮ್ಮಿನಾಗ ಸೀಮೆಎಣ್ಣಿ ಐತಿ. ಸೀಮೆಎಣ್ಣಿ ಬೆರೀತು ಅಂದ್ರ ಪೆಟ್ರೋಲಿಗೆ ಇದ್ದ ತಾಳ್ಮಿನೂ ಹೋಗ್ತೈತಿ. ಯಾರೋ ಸೇವಾದ ಹೆಸರಿನಾಗ ತಂದು ಸುರೀತಾರ."

ಅಜ್ಜಾರು ಅವನ ಕೈ ಹಿಡಿದು ಮೂಸಿ ನೋಡಿದರು. ಕಣ್ಣು ಮುಚ್ಚಿದರು.

"ಒಂದು ಕಾಲಕ್ಕ ನಮ್ಮ ಮಠದ ತುಂಬ ಈ ವಾಸನಿ ಇರತಿತ್ತು," ಎಂದರು.

"ಆ ಕಳ್ಳನ್ನ ಹಿಡೀತೀನ್ರಿ."

"ಬಂದದ್ದನ್ನ ಬ್ಯಾಡ ಅನಬ್ಯಾಡ. ಏನು ಬಂತು ಅಂತ ನೋಡು."

ಕೊನೆಯ ಮಾತು ಮುಗಿಯುವ ಹೊತ್ತಿಗೆ ಗಾದಿಲಿಂಗ ಅಂಗಳ ದಾಟಿದ್ದ.

ಸೋಮವಾರ ಸೇವೆಯ ದಿನ. ಅವನು ಶೆಡ್ಡಿನ ಬಾಗಿಲಲ್ಲೇ ಕೂತ. ಅಪರೂಪಕ್ಕೆ ಬಂದ ಒಬ್ಬಿಬ್ಬರ ಬಾಟಲಿ ಮೂಸಿದ. ಪೆಟ್ರೋಲೇ. ಹೊತ್ತು ಇಳಿಯುವಾಗ ಹುಲಿಗೆಮ್ಮ ಬಂದಳು. ಅಂಬಿಗರ ಕೇರಿಯವಳು, ಗಂಡ ಸತ್ತು ವರ್ಷಗಳಾಗಿದ್ದವು. ಮಳೆಯಿರಲಿ ಬಿಸಿಲಿರಲಿ, ಅವಳು ಬರದ ಸೋಮವಾರ ಇರಲಿಲ್ಲ. ಸೆರಗಿನಡಿಯಿಂದ ಬಾಟಲಿ ತೆಗೆದು ಡ್ರಮ್ಮಿಗೆ ಸುರಿದಳು. ಕೈಮುಗಿದಳು. ಡ್ರಮ್ಮಿಗಲ್ಲ, ಅದರ ಮೇಲಿನ ಗೋಡೆಗೆ. ಅದು ಗಾದಿಲಿಂಗನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ಮೂಗಿಗೆ ವಾಸನೆ ಬಡಿದಿತ್ತು.

"ಏನವ್ವ ಅದು ನೀ ಹಾಕಿದ್ದು?"

"ಎಣ್ಣಿ, ತಮ್ಮಾ."

"ಯಾವ ಎಣ್ಣಿ?"

"ಸೀಮೆಎಣ್ಣಿ. ರೇಷನ್ನಿಂದು. ನಮ್ಮ ಮನಿಯಾಂವ ಇದ್ದಾಗಿಂದ್ಲೂ—"

"ಮನಿಯಾಂವನ ಕತಿ ಬ್ಯಾಡ ಈಗ. ಕಾರಿಗೆ ಯಾರಾರ ಸೀಮೆಎಣ್ಣಿ ಹಾಕ್ತಾರ? ಇಂಜಿನ್ ತಿಂದು ಹಾಕಿದೆಲ್ಲ!"

"ನಾ ಕಾರಿಗೆ ಅಂತ ಅಲ್ಲಪ್ಪ, ಅದು ದಂಡಿ ಮ್ಯಾಲಿನ—"

"ದಂಡಿ ಮ್ಯಾಲೆ ಬಲ್ಬು ಉರಿಯೋದು ಕಾಣಂಗಿಲ್ಲೇನು?"

"ನೀನ ಅಂದಿದ್ದೆಲ್ಲೋ—"

"ನಾ ಏನೂ ಅಂದಿಲ್ಲ. ಇನ್ನ ಬಾಟ್ಲಿ ಹಿಡಕೊಂಡು ಈ ಕಡಿ ಬರಬ್ಯಾಡ. ಹೋಗು."

ಹುಲಿಗೆಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅವಳು ಹೋದ ಮೇಲೆ ಅವನಿಗೆ ಕಟ್ಟಳೆ ನೆನಪಾಯಿತು. ಬಂದದ್ದನ್ನು ಬೇಡ ಅಂದಿದ್ದ. ಉಪದೇಶ ಆದ ಮೇಲೆ ಅಜ್ಜಾರ ಹತ್ತಿರ ಹೇಳಿ ಕಾಲಿಗೆ ಬಿದ್ದರಾಯಿತು ಎಂದುಕೊಂಡು ಡ್ರಮ್ಮು ಬಗ್ಗಿಸಿ ಚೆಲ್ಲಿದ. ತೊಳೆದ. ಹೊಸ ಪೆಟ್ರೋಲ್ ತುಂಬಿದ.

ಹುಣ್ಣಿಮೆ ಬಂತು. ಮಧ್ಯಾಹ್ನ ಕಳೆದ ಮೇಲೆ ಹೊರಟರು. ಅಜ್ಜಾರು ಬಿಳಿ ಪಂಚೆ ಉಟ್ಟು, ತಮ್ಮ ಗುರುಗಳು ಕೂರುತ್ತಿದ್ದ ಸೀಟಿನಲ್ಲಿ ಕೂತರು. ಗಾದಿಲಿಂಗ ತಲೆಗೆ ಸ್ನಾನ ಮಾಡಿ, ಉಗುರ ಸಂದಿನ ಗ್ರೀಸನ್ನೂ ಉಜ್ಜಿ ತೆಗೆದಿದ್ದ.

ಮೊದಲ ತಿರುವು ಬಂತು. ಸದ್ದಿಲ್ಲ. ಎರಡನೆಯದು. ಸದ್ದಿಲ್ಲ. ಕಾರು ಹೊಸ ಪ್ರಾಯ ಬಂದ ಹಾಗೆ ಹತ್ತಿತು.

"ಬಡಿಯಾಂವ ಎಲ್ಲಿ ಹೋದ?" ಎಂದು ಕೇಳಿದರು ಅಜ್ಜಾರು.

"ಹಾದಿ ತಪ್ಪಿಸಿ ಕಳಿಸಿದೆ ನೋಡ್ರಿ!" ಗಾದಿಲಿಂಗ ನಕ್ಕ. "ಸೀಮೆಎಣ್ಣಿ ಹಾಕ್ತಿದ್ದೋರು ಸಿಕ್ಕರು. ಅಂಬಿಗರ ಹುಲಿಗವ್ವ."

"ಯಾಕ ಹಾಕ್ತಿದ್ಲು?"

"ಏನೋಪ. ತಿಳಿವಳಿಕಿ ಇಲ್ಲ."

"ಅಕಿ ಹೇಳಲಿಲ್ಲೇನು?"

"ಹೇಳಾಕ ಶುರು ಮಾಡಿದ್ಲು."

"ಆಮ್ಯಾಲೆ?"

ಗಾದಿಲಿಂಗ ಗೇರು ಬದಲಿಸಿದ.

"ನಾ ಮಾತಾಡಿದೆ," ಎಂದ.

ಅಜ್ಜಾರು ಕಿಟಕಿಯಾಚೆ ಹೊಳೆಯ ಕಡೆ ನೋಡಿದರು.

ಕಾರಿನಲ್ಲಿ ಯಾವ ಸದ್ದೂ ಇರಲಿಲ್ಲ. ಇಷ್ಟು ದಿನ ಆ ಬಡಿತ ನಿಂತರೆ ಸಾಕು ಎಂದು ಒದ್ದಾಡಿದವನಿಗೆ ಈಗ ಅದು ನಿಂತದ್ದೇ ತಡೆದುಕೊಳ್ಳಲಾಗಲಿಲ್ಲ. ಅಂದು ಶೆಡ್ಡಿನಲ್ಲಿ ತೆರೆದು ಮುಚ್ಚಿದ ಬಾಯಿ ಕಣ್ಣ ಮುಂದೆ ಬಂತು. ಗೋಡೆಗೆ ಮುಗಿದ ಕೈ ನೆನಪಾಯಿತು. ಗೋಡೆಗೆ ಯಾಕೆ ಮುಗಿದಳು?

"ಉಪದೇಶ ಮುಗಿಸಿಕೊಂಡು ಇಳದು ಹೋಗಿ ಕೇಳಿದ್ರಾತು. ಅಲ್ರೀ ಅಜ್ಜಾರ?"

"ಕೇಳಬಹುದು."

"ಅಕಿ ಎಲ್ಲಿ ಹೋಗ್ತಾಳ. ಕೇರಿಯಾಗ ಇರ್ತಾಳ."

"ಇರ್ತಾಳ."

"ನಾವು ಮತ್ತ ಈ ಗುಡ್ಡ ಹತ್ತತೀವೋ ಇಲ್ಲೋ..."

"ಅದೂ ಖರೇ."

ಎಲ್ಲದಕ್ಕೂ ಹೂಂ ಅನ್ನುವ ಗುರುವಿನ ಮುಂದೆ ಶಿಷ್ಯ ಏನು ಮಾಡಬೇಕು? ಬೈದರೆ ಕಾಲು ಹಿಡಿಯಬಹುದು. ಬೇಡ ಅಂದರೆ ಬೇಡಿಕೊಳ್ಳಬಹುದು.

ಕೊನೆಯ ತಿರುವು ಬಂತು. ಗದ್ದುಗೆಯ ಬಿಳಿ ಗೋಡೆ ಕಾಣಿಸಿತು. ಅಲ್ಲಿಂದ ಬೀಸಿದ ಗಾಳಿಯಲ್ಲಿ ಊದುಬತ್ತಿಯ ವಾಸನೆ ಇತ್ತು. ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿದರೆ ಮುಗಿಯುತ್ತಿತ್ತು.

ಗಾದಿಲಿಂಗ ಬ್ರೇಕ್ ಒತ್ತಿದ.

ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳುಕಲು. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ, ಮತ್ತೆ ಮುಂದೆ. ಕಣ್ಣಲ್ಲಿ ನೀರು ತುಂಬಿ ಕನ್ನಡಿ ಕಾಣುತ್ತಿರಲಿಲ್ಲ. ಹೇಗೋ ಕಾರು ತಿರುಗಿತು. ಅಜ್ಜಾರು ಕಿಟಕಿಯಿಂದ ಗದ್ದುಗೆಯ ಕಡೆ ಕೈಮುಗಿದರು. ಯಾಕೆ ಎಂದು ಕೇಳಲಿಲ್ಲ. ಭೇಷ್ ಎಂದೂ ಹೇಳಲಿಲ್ಲ.

ಅಂಬಿಗರ ಕೇರಿಯಲ್ಲಿ ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಬಾಟಲಿ. ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಇಟ್ಟುಕೊಂಡ ಹಾಗೆ. ಕಾರು ಕಂಡು ಗಾಬರಿಯಾಗಿ ಎದ್ದಳು.

"ಯಾಕ ತಮ್ಮಾ, ಮತ್ತ ಕೆಟ್ಟಿತೇನು?"

"ಇಲ್ಲವ್ವ. ಕಾರು ಚಲೋ ಐತಿ." ಅವನು ಅವಳ ಮುಂದೆ ನೆಲದ ಮೇಲೆ ಕೂತ. "ಅವತ್ತು ನೀ ಏನೋ ಹೇಳ್ತಿದ್ದಿ. ಹೇಳು."

ಹುಲಿಗೆಮ್ಮ ಕಾರಿನೊಳಗಿದ್ದ ಅಜ್ಜಾರನ್ನು ನೋಡಿದಳು. ಇವನನ್ನು ನೋಡಿದಳು. ಮೆಲ್ಲಗೆ ಶುರು ಮಾಡಿದಳು.

"ಹೊಳಿ ತುಂಬಿ ಬಂದಿತ್ತು. ನಮ್ಮ ಮನಿಯಾಂವ ಹರಗೋಲಿನಾಗ ಜನಾನ್ನ ಕುಂಡ್ರಿಸಿಕೊಂಡು ಆಚಿ ದಂಡಿಯಿಂದ ಹೊಂಟಿದ್ದ. ನಡುವ ಕತ್ತಲಾತು. ಮಳಿ. ದಂಡಿ ಯಾವ ಕಡಿ ಅನ್ನೋದ ತಿಳೀಲಿಲ್ಲಂತ. ಹರಗೋಲು ಸುತ್ತಾಕ ಹತ್ತಿತಂತ. ಆವಾಗ ಮಠದ ಕಂಬದಾಗ ಕಂದೀಲು ಕಂಡಿತು. ಅದನ್ನ ನೋಡಿಕೋತ ಹುಟ್ಟು ಹಾಕಿದ. ಎಲ್ಲಾರೂ ಉಳದರು."

ಅವಳು ಉಸಿರು ತೆಗೆದುಕೊಂಡಳು. ಗಾದಿಲಿಂಗನ ತುದಿನಾಲಗೆಗೆ ಏನೋ ಬಂತು. ನುಂಗಿಕೊಂಡ.

"ಅವತ್ತಿನಿಂದ ಆ ಕಂದೀಲಿನ ಎಣ್ಣಿ ನಮ್ಮದು ಅಂದ. ಸಾಯೋ ಮುಂದನೂ ಅದನ್ನ ಅಂದ. ನಾ ಇಲ್ಲದಿದ್ರೂ ಕಂದೀಲು ಆರಬಾರದು ಹುಲಿಗಿ ಅಂದ. ನಾ ತಪ್ಪಿಸಿಲ್ಲ. ಒಂದು ದಿನ ಬಂದು ನೋಡ್ತೀನಿ, ಕಂಬದಾಗ ಕಂದೀಲ ಇಲ್ಲ. ಹುಡುಕ್ಕೋತ ಶೆಡ್ಡಿಗೆ ಬಂದೆ. ನೀ ಕಾರಿನ ಕೆಳಗ ಮಲಗಿದ್ದಿ. ಕಾಲಷ್ಟ ಕಾಣತಿದ್ವು. ಎಣ್ಣಿ ತಂದೀನಿ ತಮ್ಮಾ, ಕಂದೀಲು ಅನ್ನೂದ್ರಾಗ, ಡ್ರಮ್ಮಿಗೆ ಹಾಕಿ ಹೋಗ್ರಿ ಅಂದಿ."

ಗಾದಿಲಿಂಗನಿಗೆ ಆ ದಿನ ನೆನಪಿರಲಿಲ್ಲ. ಹಾಗೆ ಅವನು ಎಷ್ಟೋ ಜನರಿಗೆ ಅಂದಿದ್ದ.

"ನೋಡಿದ್ರ ಡ್ರಮ್ಮಿನ ಮ್ಯಾಲೆ ಗ್ವಾಡಿಗೆ ಕಂದೀಲು ತೂಗಾಡತಿತ್ತು. ಹೌದಲ್ಲ, ಈಗ ಎಣ್ಣಿ ಇದರಾಗ ಹಾಕೋದು ಅಂದ್ಕೊಂಡೆ. ಇಲ್ಲಿಂದ ಮ್ಯಾಲಿನ ಬಲ್ಬಿಗೆ ಹೋಗತಿರಬೇಕು ಅಂದ್ಕೊಂಡೆ. ನನಗೇನು ತಿಳೀತೈತಿ ತಮ್ಮಾ. ದಂಡಿ ಮ್ಯಾಲೆ ಬೆಳಕಂತೂ ಇತ್ತು."

ಅವಳು ನಿಲ್ಲಿಸಿದಳು. ಇನ್ನೂ ಏನಾದರೂ ಇದೆಯೋ ಎಂದು ಅವನು ಕಾದ. ಬಹಳ ಹೊತ್ತು ಕಾದ. ಆಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಬಾರವ್ವ," ಎಂದ.

ಮಠಕ್ಕೆ ಬರುವ ಹೊತ್ತಿಗೆ ಹೊಳೆಯ ಮೇಲೆ ಮಬ್ಬು ಇಳಿದಿತ್ತು. ಹುಣ್ಣಿಮೆ ಶ್ರಾವಣದ ಮೋಡದ ಹಿಂದೆಲ್ಲೋ ಇತ್ತು. ಗಾದಿಲಿಂಗ ದಂಡೆಯ ಬಲ್ಬು ಆರಿಸಿದ. ಶೆಡ್ಡಿನ ಗೋಡೆಯಿಂದ ಕಂದೀಲು ಇಳಿಸಿದ. ಗಾಜಿನ ಮಸಿ ಒರೆಸಿದ. ಯಾರ ಮಸಿ ಎಂದು ಈ ಸಲ ಯಾರೂ ಕೇಳಲಿಲ್ಲ.

ಹಳೇ ಬತ್ತಿ ಪುಡಿಯಾಗಿತ್ತು. ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಹೊಸ ಬತ್ತಿ ತೆಗೆದಳು. ಅದನ್ನು ಅವಳು ಯಾವಾಗಿನಿಂದ ಕಟ್ಟಿಕೊಂಡು ತಿರುಗುತ್ತಿದ್ದಳೋ. ಬತ್ತಿ ಏರಿಸಿ, ಬಾಟಲಿಯ ಎಣ್ಣೆಯನ್ನು ಒಂದು ಹನಿ ಚೆಲ್ಲದಂತೆ ಸುರಿದಳು.

ಅಜ್ಜಾರು ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಇಳಿಬಿಟ್ಟು ಕೂತಿದ್ದರು. ಉಸಿರು ಸಣ್ಣಗೆ ಎಳೆಯುತ್ತಿತ್ತು.

ಗಾದಿಲಿಂಗ ಕಡ್ಡಿಪೆಟ್ಟಿಗೆಯಿಂದ ಕಡ್ಡಿ ತೆಗೆದ. ಗೀರಲು ಹೋದವನು ನಿಂತ. ಗುಡ್ಡದ ನೆತ್ತಿಯ ಕಡೆ ನೋಡಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಅಜ್ಜಾರ, ಹುಣ್ಣಿವಿ ಮುಗಿಯಾಕ ಬಂತು. ನನಗ ಉಪದೇಶ?"

ಅಜ್ಜಾರು ಕಂದೀಲನ್ನೇ ನೋಡುತ್ತಿದ್ದರು. ಗಾಜಿನೊಳಗೆ ಹೊಸ ಬತ್ತಿಯ ತುದಿ ಇನ್ನೂ ಬೆಳ್ಳಗೆ, ಒಣಗಿಯೇ ಇತ್ತು.

"ಕುಂದ್ರು," ಎಂದರು. "ಬತ್ತಿ ಇನ್ನೂ ನೆನೀಬೇಕು."